ಲಿಂಗನಮಕ್ಕಿ ತುಂಬಿದಾಗ ಗೋಡೆಯ ಮೇಲೆ ಎಷ್ಟು ಭಾರ? ಒಳಗೆ ಜಿನುಗುವ ನೀರಿಗೆ ಹೆದರಬೇಕಾ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಊರು. ಲಿಂಗನಮಕ್ಕಿ ತುಂಬಿದಾಗ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿರುತ್ತದೆ. ಅಷ್ಟೂ ನೀರನ್ನು ಒಂದು ಗೋಡೆ ಹೇಗೆ ತಡೆಯುತ್ತದೆ? ನಮ್ಮ ಸೋದರಮಾವ ಒಮ್ಮೆ ಬೇರೊಂದು ಅಣೆಕಟ್ಟೆಯ ಒಳಗಿನ ಸುರಂಗದಲ್ಲಿ ಓಡಾಡಿ ಬಂದಿದ್ದರು. ಅಲ್ಲಿ ನೀರು ಜಿನುಗಿ ಚರಂಡಿಯಲ್ಲಿ ಹರಿಯುತ್ತಿತ್ತಂತೆ. ಇದು ಅಪಾಯ ಅಲ್ವಾ? ಅರವತ್ತು ವರ್ಷ ದಾಟಿದ ಕಟ್ಟೆ ಇನ್ನೆಷ್ಟು ಕಾಲ ಬಾಳುತ್ತದೆ? ಇನ್ನೊಂದು ಪ್ರಶ್ನೆ. ಇಷ್ಟು ದೊಡ್ಡ ಡ್ಯಾಂ ಪಕ್ಕದ ಪವರ್ ಹೌಸ್ ಬರೀ 55 ಮೆಗಾವ್ಯಾಟಿನದು ಯಾಕೆ?

ಉತ್ತರ: ಮೊದಲು ಹಿನ್ನೀರಿನ ವಿಷಯ ಮುಗಿಸೋಣ. ನೀರು ಎಷ್ಟು ದೂರ ಹರಡಿದೆ ಅನ್ನೋದಕ್ಕೂ ಗೋಡೆಯ ಮೇಲೆ ಬೀಳುವ ಒತ್ತಡಕ್ಕೂ ಸಂಬಂಧವೇ ಇಲ್ಲ. ಗೋಡೆಗೆ ತಾಗಿರುವ ನೀರು ಎಷ್ಟು ಆಳ ಇದೆ ಅನ್ನೋದೊಂದೇ ಲೆಕ್ಕ.

ನಂಬೋದು ಕಷ್ಟ, ಗೊತ್ತು. ಅದಕ್ಕೆ ನಿಮ್ಮ ಪಕ್ಕದಲ್ಲೇ ಒಳ್ಳೆಯ ಉದಾಹರಣೆ ಇದೆ. ಲಿಂಗನಮಕ್ಕಿಯಿಂದ ಸುಮಾರು ನಾಲ್ಕು ಕಿಲೋಮೀಟರ್ ಕಾಲುವೆಯಲ್ಲಿ ಹರಿದ ನೀರು ತಳಕಳಲೆ ಜಲಾಶಯ ಸೇರುತ್ತದೆ. ಲಿಂಗನಮಕ್ಕಿಯ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್, ಸಾಮರ್ಥ್ಯ ಸುಮಾರು 152 ಟಿಎಂಸಿ. ತಳಕಳಲೆ ಅದರ ಮುಂದೆ ಒಂದು ಹೊಂಡ. ಐದು ಟಿಎಂಸಿಯೂ ಹಿಡಿಯುವುದಿಲ್ಲ. ಆದರೆ ಗೋಡೆಗಳ ಎತ್ತರ ನೋಡಿ. ಲಿಂಗನಮಕ್ಕಿಯದು ಸುಮಾರು 61 ಮೀಟರ್, ತಳಕಳಲೆಯದು ಸುಮಾರು 62. ಎರಡೂ ತುಂಬಿದಾಗ, ಅತಿ ಆಳದ ಜಾಗದಲ್ಲಿ ಒಂದೊಂದು ಮೀಟರ್ ಉದ್ದದ ಗೋಡೆ ತಾಳಿಕೊಳ್ಳುವ ತಳ್ಳಾಟ ಹೆಚ್ಚೂಕಡಿಮೆ ಒಂದೇ. ಹಿಂದೆ ಎಷ್ಟು ನೀರಿದೆ ಅಂತ ಗೋಡೆಗೆ ತಿಳಿಯುವುದೇ ಇಲ್ಲ.

ಹಾಗಂತ ವಿಸ್ತಾರ ಲೆಕ್ಕಕ್ಕೇ ಇಲ್ಲ ಅಂತಲ್ಲ. ಹರವು ಹೆಚ್ಚಿದ್ದಷ್ಟೂ ಗಾಳಿ ಎಬ್ಬಿಸುವ ಅಲೆ ದೊಡ್ಡದು. ಅದಕ್ಕೇ ಪೂರ್ಣ ಮಟ್ಟದ ಮೇಲೂ ಗೋಡೆಯನ್ನು ಸ್ವಲ್ಪ ಎತ್ತರ ಬಿಟ್ಟಿರುತ್ತಾರೆ. ಕಟ್ಟೆ ಒಡೆದರೆ ಕೆಳಗೆ ಎಷ್ಟು ನೀರು ನುಗ್ಗುತ್ತದೆ ಅನ್ನೋದೂ ವಿಸ್ತಾರದ ಪ್ರಶ್ನೆಯೇ. ಇನ್ನು ಮುಳುಗಡೆಯಾಗಿ ಊರು, ತೋಟ, ಗದ್ದೆ ಬಿಟ್ಟು ಬಂದವರಿಗೆ ಆ 300 ಚದರ ಕಿಲೋಮೀಟರ್ ಏನು ಅಂತ ಇಂಜಿನಿಯರ್ ಹೇಳಬೇಕಾಗಿಲ್ಲ. ನಿಮ್ಮ ತಾಲೂಕಿನಲ್ಲಿ ಹಕ್ಕುಪತ್ರಕ್ಕೆ ಅಲೆದವರನ್ನು ಕೇಳಿದರೆ ಸಾಕು.

ಇಲ್ಲೇ ಇನ್ನೊಂದು ಗೊಂದಲ ಬಿಡಿಸಿಬಿಡುತ್ತೇನೆ. ಮಳೆಗಾಲದಲ್ಲಿ ಪೇಪರಿನಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಅದರಲ್ಲಿ ಲಿಂಗನಮಕ್ಕಿ ಗರಿಷ್ಠ 1,819 ಅಡಿ, ಭದ್ರಾ 186 ಅಡಿ ಅಂತ ಒಂದೇ ಪಟ್ಟಿಯಲ್ಲಿ ಹಾಕುತ್ತಾರೆ. ಲಿಂಗನಮಕ್ಕಿಯಲ್ಲಿ ಹತ್ತು ಪಟ್ಟು ಆಳ ನೀರಿದೆ ಅಂದುಕೊಂಡವರು ಎಷ್ಟೋ ಜನ. 1,819 ಅನ್ನೋದು ಸಮುದ್ರ ಮಟ್ಟದಿಂದ ಅಳೆದದ್ದು. ಭದ್ರೆಯ 186 ಹಾಗಲ್ಲ, ಅದು ಕಟ್ಟೆಯ ಬುಡದ ಕಡೆಯಿಂದ ಅಳೆದ ಲೆಕ್ಕ. ಗೋಡೆಯ ಹತ್ತಿರದ ಆಳ ನೋಡಿದರೆ ಎರಡೂ ಒಂದೇ ಸಾಲಿನ ಅಣೆಕಟ್ಟೆಗಳು.

ಈಗ ಆ ಒತ್ತಡ ಎಷ್ಟು ಅಂತ ನೋಡೋಣ. ಸುಲಭಕ್ಕೆ 50 ಮೀಟರ್ ಆಳ ಇಟ್ಟುಕೊಳ್ಳಿ. ಆಳ ಒಂದು ಮೀಟರ್ ಹೆಚ್ಚಿದಂತೆ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಸೇರುತ್ತಾ ಹೋಗುತ್ತದೆ. ನೀರಿನ ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ 50 ಟನ್. ಒಂದು ಮೀಟರ್ ಉದ್ದದ ಗೋಡೆಗೆ ಇದನ್ನೆಲ್ಲ ಕೂಡಿದರೆ 1,250 ಟನ್ ತಳ್ಳಾಟ. ಆಳ ಅರ್ಧಕ್ಕೆ ಇಳಿದು 25 ಮೀಟರ್ ಆದರೆ ಈ ತಳ್ಳಾಟ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಕಟ್ಟೆ ತುಂಬುತ್ತಾ ಬಂದಂತೆ ಮೇಲಿನ ಒಂದೊಂದು ಅಡಿಯೂ ಹಿಂದಿನ ಅಡಿಗಿಂತ ಭಾರ. ಆಗಸ್ಟಿನಲ್ಲಿ ಅಧಿಕಾರಿಗಳು ಕೊನೆಯ ನಾಲ್ಕೈದು ಅಡಿಯ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈ 1,250 ಟನ್ನಿಗೆ ಎದುರು ನಿಲ್ಲುವುದು ಗೋಡೆಯ ಸ್ವಂತ ಭಾರ. ಗ್ರಾವಿಟಿ ಡ್ಯಾಂ ಅನ್ನುವುದು ಅದಕ್ಕೇ. ಕಮಾನಿನ ಅಣೆಕಟ್ಟೆಯ ಹಾಗೆ ಅಕ್ಕಪಕ್ಕದ ಬೆಟ್ಟಕ್ಕೆ ಭಾರ ದಾಟಿಸುವ ಜಾಣತನ ಇದರಲ್ಲಿಲ್ಲ. ಸುಮ್ನೆ ಕೂತಿರುತ್ತದೆ, ಅಷ್ಟೇ. ಅಡ್ಡ ಕೊಯ್ದು ನೋಡಿದರೆ ತ್ರಿಕೋನ. ನೀರಿನ ಕಡೆ ಹೆಚ್ಚೂಕಡಿಮೆ ನೆಟ್ಟಗೆ, ಹೊರಗಿನ ಕಡೆ ಇಳಿಜಾರು. 50 ಮೀಟರ್ ಎತ್ತರಕ್ಕೆ ತಳ ಸುಮಾರು 40 ಮೀಟರ್ ಅಗಲ. ಮೀಟರ್ ಉದ್ದಕ್ಕೆ ಸಾವಿರ ಘನ ಮೀಟರ್ ಕಾಂಕ್ರೀಟು, ಅಂದರೆ 2,400 ಟನ್. ಬಂಡೆಯ ಮೇಲೆ ಕೂತ ಕಾಂಕ್ರೀಟನ್ನು ಜಾರಿಸಲು ಅದರ ಭಾರದ ಹತ್ತರಲ್ಲಿ ಏಳು ಪಾಲಾದರೂ ಬಲ ಬೇಕು ಅಂತ ಹಿಡಿದರೆ 1,680 ಟನ್ ಆಯಿತು. ನೀರು ತಳ್ಳುವುದು 1,250. ಗೋಡೆ ಗೆದ್ದಿತು.

ಹತ್ತೊಂಬತ್ತನೇ ಶತಮಾನದ ಇಂಜಿನಿಯರುಗಳು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಿದ್ದರು. ಅಲ್ಲೇ ಯಡವಟ್ಟಾಗಿದ್ದು.

ನೀರು ಗೋಡೆಯನ್ನು ಎದುರಿನಿಂದ ತಳ್ಳುವುದಷ್ಟೇ ಅಲ್ಲ, ಅಡಿಗೂ ನುಗ್ಗುತ್ತದೆ. ಬಂಡೆಯ ಸಣ್ಣ ಬಿರುಕು, ಕಾಂಕ್ರೀಟು ಬಂಡೆಗೆ ಕೂಡುವ ಸಂದು, ಎಲ್ಲಿ ಕೂದಲೆಳೆಯಷ್ಟು ದಾರಿ ಸಿಕ್ಕರೂ ಸಾಕು. ನುಗ್ಗಿದ ನೀರು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಹೊಳೆಯಲ್ಲಿ ಮುಳುಗಿದ ಕಲ್ಲನ್ನು ಎತ್ತುವಾಗ ಹಗುರ ಅನಿಸಿ, ನೀರಿನಿಂದ ಹೊರಗೆ ಬಂದ ತಕ್ಷಣ ಕೈ ಜಗ್ಗುತ್ತದಲ್ಲ, ಅದೇ ಇಲ್ಲೂ ನಡೆಯುವುದು. ಇದನ್ನು ಅಪ್‌ಲಿಫ್ಟ್ ಅನ್ನುತ್ತೇವೆ. ನಮ್ಮ 50 ಮೀಟರ್ ಗೋಡೆಗೆ ಇದು ಪೂರ್ತಿ ಬಿದ್ದರೆ ಸುಮಾರು 1,000 ಟನ್. 2,400ರಲ್ಲಿ 1,000 ಹೋಯಿತು, ಉಳಿದದ್ದು 1,400. ಅದರ ಹತ್ತರಲ್ಲಿ ಏಳು ಪಾಲು 980. ನೀರು ತಳ್ಳುತ್ತಿರುವುದು 1,250. ಈಗ ಗೋಡೆ ಸೋತಿತು. ಬಂಡೆಗೂ ಕಾಂಕ್ರೀಟಿಗೂ ಇರುವ ಅಂಟು ಇನ್ನಷ್ಟು ಬಲ ಕೊಡುತ್ತದೆ, ನಿಜ. ಆದರೆ ಬರೀ ಅದನ್ನು ನಂಬಿ ಯಾರೂ ಕಟ್ಟುವುದಿಲ್ಲ.

ನಿಮ್ಮ ಸೋದರಮಾವ ನೋಡಿದ ಸುರಂಗ ಬಂದದ್ದೇ ಇದಕ್ಕಾಗಿ. ಅದಕ್ಕೆ ಗ್ಯಾಲರಿ ಅನ್ನುತ್ತಾರೆ. ನೀರಿನ ಕಡೆಯ ಮುಖಕ್ಕೆ ಹತ್ತಿರದಲ್ಲಿ, ತಳಕ್ಕೂ ಹತ್ತಿರದಲ್ಲಿ, ಗೋಡೆಯ ಉದ್ದಕ್ಕೂ ಹೋಗುತ್ತದೆ. ಇಬ್ಬರು ಎದುರುಬದುರು ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಸೂರು ಕಮಾನಿನ ಹಾಗೆ. ಕಾಲಡಿ ಒಂದು ಪಕ್ಕಕ್ಕೆ ಗೇಣಗಲದ ಚರಂಡಿ. ಅಲ್ಲಿಂದ ಕೆಳಗೆ ಬಂಡೆಯೊಳಕ್ಕೆ ಸಾಲಾಗಿ ರಂಧ್ರ ಕೊರೆದಿರುತ್ತಾರೆ, ಕೆಲವು ಮೀಟರಿಗೆ ಒಂದರಂತೆ. ಪ್ರತಿ ರಂಧ್ರದ ಬಾಯಿಗೂ ಒಂದು ಕಬ್ಬಿಣದ ಪೈಪಿನ ತುಂಡು, ಪಕ್ಕದಲ್ಲಿ ಬಣ್ಣದಲ್ಲಿ ಬರೆದ ನಂಬರು. ಕೆಲವು ಪೈಪುಗಳಿಂದ ನೀರು ಉಕ್ಕುತ್ತಿರುತ್ತದೆ, ಕೆಲವು ಬರೀ ತೊಟ್ಟಿಕ್ಕುತ್ತಿರುತ್ತವೆ, ಕೆಲವು ಒಣಗಿರುತ್ತವೆ. ಪೈಪಿನ ಬಾಯಿಯ ಸುತ್ತ ಬಿಳಿ ಸುಣ್ಣ ಮೊಸರಿನಂತೆ ಕಟ್ಟಿರುತ್ತದೆ. ಕಾಂಕ್ರೀಟಿನಲ್ಲೋ ಗಾರೆಯಲ್ಲೋ ಇರುವ ಸುಣ್ಣವನ್ನು ನೀರು ಕರಗಿಸಿ ತಂದು ಇಲ್ಲಿ ಬಿಟ್ಟಿದ್ದು ಅದು.

ಈ ರಂಧ್ರಗಳ ಕೆಲಸ ಒಂದೇ. ಗೋಡೆಯ ಅಡಿಗೆ ನುಗ್ಗಿದ ನೀರು ಮುಂದೆ ಹೋಗಿ ಒತ್ತುವ ಮೊದಲೇ ಅದಕ್ಕೆ ಹೊರಬರುವ ದಾರಿ ಕೊಡುವುದು. ರಂಧ್ರಗಳು ಸರಿಯಿದ್ದರೆ ಆ ಸಾಲಿನ ಹತ್ತಿರ ಒತ್ತಡ ಮೂರನೇ ಒಂದಕ್ಕೆ ಇಳಿಯುತ್ತದೆ ಅಂತ ನಮ್ಮ ವಿನ್ಯಾಸದ ನಿಯಮಗಳು ಹಿಡಿಯುತ್ತವೆ. ನಮ್ಮ ಲೆಕ್ಕದ ಗೋಡೆಯಲ್ಲಿ ಆ ಸಾಲು ಮುಖದಿಂದ ನಾಲ್ಕು ಮೀಟರ್ ಒಳಗಿದೆ ಅಂದುಕೊಳ್ಳಿ. 1,000 ಟನ್ ಇದ್ದ ಅಪ್‌ಲಿಫ್ಟ್ ಸುಮಾರು 430 ಟನ್ನಿಗೆ ಇಳಿಯುತ್ತದೆ. ಉಳಿಯುವ ಭಾರ ಸುಮಾರು 1,970. ಹತ್ತರಲ್ಲಿ ಏಳು ಪಾಲು ಅಂದರೆ 1,380. ಗೋಡೆ ಮತ್ತೆ ಗೆದ್ದಿತು. ಸೋಲುವ ಗೋಡೆಗೂ ನಿಲ್ಲುವ ಗೋಡೆಗೂ ನಡುವೆ ಇರುವುದು ಆ ಪೈಪುಗಳ ಸಾಲು.

ಹಾಗಾಗಿ ಸೋದರಮಾವನಿಗೆ ಹೇಳಿ: ಚರಂಡಿಯಲ್ಲಿ ನೀರು ಹರಿಯುತ್ತಿದ್ದರೆ ಅದು ಅಲ್ಲಿ ಹರಿಯಬೇಕಾದ ನೀರೇ. ನನಗೆ ದಿಗಿಲಾಗುವುದು ಉಲ್ಟಾ ಆದಾಗ. ವರ್ಷಾನುಗಟ್ಟಲೆ ಹರಿಯುತ್ತಿದ್ದ ಪೈಪು, ಕಟ್ಟೆ ತುಂಬಿದ್ದರೂ ಒಣಗಿ ನಿಂತಿದ್ದರೆ ಸುಣ್ಣ ಕಟ್ಟಿ ಬಾಯಿ ಮುಚ್ಚಿದೆಯೇ ಅಂತ ಮೊದಲು ನೋಡಬೇಕು. ನೀರು ನಿಂತಿರುವುದಿಲ್ಲ, ಕಾಣದ ಕಡೆ ಒತ್ತುತ್ತಿರುತ್ತದೆ. ಆಗ ರಂಧ್ರ ಸ್ವಚ್ಛ ಮಾಡಬೇಕು, ಆಗದಿದ್ದರೆ ಹೊಸದು ಕೊರೆಯಬೇಕು. ಮೇಲ್ನೋಟಕ್ಕೆ ಗ್ಯಾಲರಿ ಒಣಗಿದೆ, ಡ್ಯಾಂ ಗಟ್ಟಿಯಾಗಿದೆ ಅಂತ ಖುಷಿಪಡುವವರೂ ಇದ್ದಾರೆ.

ಈ ಪಾಠ ಕಲಿತದ್ದು ಜನ ಸತ್ತ ಮೇಲೆ. ಫ್ರಾನ್ಸಿನ ಬೂಝೆ ಎಂಬಲ್ಲಿ ಒಂದು ಕಲ್ಲಿನ ಗ್ರಾವಿಟಿ ಅಣೆಕಟ್ಟೆ 1895ರಲ್ಲಿ ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕಟ್ಟಿದವರು ಅಪ್‌ಲಿಫ್ಟನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕ್ಯಾಲಿಫೋರ್ನಿಯಾದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟೆಯ ಕತೆ ಇನ್ನೂ ಕಟುವಾದದ್ದು. ಅದರ ಮಧ್ಯದ ಭಾಗದ ಅಡಿಯಲ್ಲಿ ಮಾತ್ರ ಒತ್ತಡ ಇಳಿಸುವ ರಂಧ್ರಗಳಿದ್ದವು. 1928ರ ಮಾರ್ಚ್ 12ರ ಬೆಳಿಗ್ಗೆ ಕಾವಲುಗಾರನಿಗೆ ಹೊಸ ಸೋರಿಕೆ ಕಂಡಿತು. ನೀರು ರಾಡಿಯಾಗಿತ್ತು. ಮುಖ್ಯ ಇಂಜಿನಿಯರ್ ಮುಲ್‌ಹಾಲಂಡ್ ಬಂದು ನೋಡಿದರು. ರಾಡಿ ಪಕ್ಕದ ಹೊಸ ರಸ್ತೆಯ ಮಣ್ಣಿನದು, ತೊಂದರೆಯಿಲ್ಲ ಅಂತ ಹೇಳಿ ಹೋದರು. ಮಧ್ಯರಾತ್ರಿಗೆ ಕೆಲವೇ ನಿಮಿಷ ಇರುವಾಗ ಕಟ್ಟೆ ಕುಸಿಯಿತು. 400ಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಬದಿಯ ಬೆಟ್ಟದ ಸಡಿಲ ಬಂಡೆಯೂ ಕಾರಣ, ಅಪ್‌ಲಿಫ್ಟೂ ಕಾರಣ. ಬೆಳಗಾಗಿ ನೋಡಿದರೆ ನೆಟ್ಟಗೆ ನಿಂತಿದ್ದದ್ದು ರಂಧ್ರಗಳಿದ್ದ ಆ ಮಧ್ಯದ ತುಂಡೊಂದೇ.

ರಾಡಿ ಅನ್ನುವ ಮಾತು ಬಂತಲ್ಲ, ಅದನ್ನು ನೆನಪಿಡಿ. ಸೋರುವ ನೀರು ತಿಳಿಯಾಗಿದ್ದರೆ ಅದು ಬರೀ ನೀರು. ಮಣ್ಣು ಕಲಸಿಕೊಂಡು ಬಂದರೆ ಒಳಗಿನಿಂದ ಏನನ್ನೋ ಹೊತ್ತು ತರುತ್ತಿದೆ ಅಂತ ಅರ್ಥ. ಲಿಂಗನಮಕ್ಕಿ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಅದಷ್ಟೂ ಕಲ್ಲಿನ ಗೋಡೆಯಲ್ಲ, ಮಣ್ಣಿನ ಏರಿಯೂ ಸೇರಿದೆ. ನಮ್ಮಲ್ಲಿ ದೊಡ್ಡ ಅಣೆಕಟ್ಟೆಗಳು ಬಹಳಷ್ಟು ಹೀಗೇ. ಮಣ್ಣಿನ ಏರಿಯ ಬುಡದಲ್ಲಿ ರಾಡಿ ನೀರು ಚಿಮ್ಮಿದರೆ ಅದು ಅದೇ ದಿನ, ಅದೇ ಗಂಟೆ ನೋಡಬೇಕಾದ ವಿಷಯ. ಗೋಡೆಯ ಹೊರಮುಖದಲ್ಲಿ ಒಂದಿಷ್ಟು ಒದ್ದೆ ಕಂಡಿತು ಅಂತ ಫೋಟೊ ತೆಗೆದು ವಾಟ್ಸ್ಆ್ಯಪಿನಲ್ಲಿ ಹರಿಬಿಡುವವರಿಗೆ ಒಂದು ಮಾತು. ಜುಲೈ ತಿಂಗಳಲ್ಲಿ ಮಲೆನಾಡಿನ ಯಾವ ಗೋಡೆ ಒಣಗಿರುತ್ತದೆ ಹೇಳಿ? ಬೇಸಿಗೆಯಲ್ಲೂ ಅದೇ ಜಾಗ ಒದ್ದೆಯಿದ್ದರೆ ಆಗ ಕೇಳಿ.

ಇನ್ನು ಅಳತೆ. ಗ್ಯಾಲರಿಯ ಚರಂಡಿಯ ಕೊನೆಯಲ್ಲಿ ಒಂದು ತಗಡು ಅಡ್ಡ ಇಟ್ಟಿರುತ್ತಾರೆ, ನಡುವೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಕಚ್ಚು. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತಿದೆ ಅಂತ ನೋಡಿದರೆ ನಿಮಿಷಕ್ಕೆ ಎಷ್ಟು ಲೀಟರ್ ಅಂತ ಗೊತ್ತಾಗುತ್ತದೆ. ಆ ಅಂಕಿಯನ್ನು ಒಂದೇ ದಿನ ನೋಡಿ ಏನೂ ಹೇಳಲಾಗುವುದಿಲ್ಲ. ಕಟ್ಟೆ ತುಂಬಿದಾಗ ಸೋರಿಕೆ ಜಾಸ್ತಿ, ಇಳಿದಾಗ ಕಡಿಮೆ. ಚಳಿಗೆ ಕಾಂಕ್ರೀಟು ಕುಗ್ಗಿ ಸಂದುಗಳು ಬಾಯಿ ಬಿಡುತ್ತವೆ, ಆಗಲೂ ಸ್ವಲ್ಪ ಹೆಚ್ಚು. ಹಾಗಾಗಿ ಹೋಲಿಸಬೇಕಾದದ್ದು ಇದೇ ಮಟ್ಟದಲ್ಲಿ, ಇದೇ ತಿಂಗಳಲ್ಲಿ, ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು ಅಂತ. ನನ್ನ ಕೆಲಸದಲ್ಲಿ ಯಾವುದೇ ಡ್ಯಾಂಗೆ ಹೋದರೂ ಮೊದಲು ಕೇಳುತ್ತಿದ್ದದ್ದು ಈ ರಿಜಿಸ್ಟರನ್ನೇ. ಬಣ್ಣ ಬಳಿದ ಗೇಟು, ಕೈತೋಟ ಎಲ್ಲ ಆಮೇಲೆ. ತಿಂಗಳುಗಟ್ಟಲೆ ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಕೈಬರಹ ಇದ್ದರೆ ಆ ರಿಜಿಸ್ಟರ್ ಯಾವುದೋ ಒಂದು ಮಧ್ಯಾಹ್ನ ಕೂತು ತುಂಬಿದ್ದು ಅಂತ ಲೆಕ್ಕ. ಸೋರಿಕೆಗಿಂತ ನನಗೆ ಹೆಚ್ಚು ಭಯ ಅದರದು. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಬಂದ ಮೇಲೆ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಕಡ್ಡಾಯ. ಕಾಯ್ದೆ ಒಳ್ಳೆಯದೇ. ಆದರೆ ರಿಜಿಸ್ಟರ್ ತುಂಬುವ ಕೈಗೆ ಅದು ಇಳಿಯಬೇಕು.

ವಯಸ್ಸಿನ ಪ್ರಶ್ನೆಗೆ ಉತ್ತರ ಚಿಕ್ಕದು. ಗ್ರಾವಿಟಿ ಡ್ಯಾಂ ಇಷ್ಟೇ ವರ್ಷ ಅಂತ ಬರೆದಿಟ್ಟು ಸಾಯುವುದಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1907ರದ್ದು, ಕಲ್ಲು ಗಾರೆಯದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿದ್ದು 2022ರಲ್ಲಿ. 89 ವರ್ಷ ಪೂರ್ತಿ ಒತ್ತಡವನ್ನೇ ಕಾಣದ ಮುದಿ ಗೋಡೆ ಅದನ್ನು ತಾಳಿಕೊಂಡಿತು. ಲಿಂಗನಮಕ್ಕಿ 1964ರದ್ದು, ಅದರ ಮುಂದೆ ಇನ್ನೂ ಹುಡುಗ. ಭೂಕಂಪ? 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆರಕ್ಕೂ ಮೀರಿದ ತೀವ್ರತೆಯ ಕಂಪನ ಆಯಿತು. 103 ಮೀಟರಿನ ಕಾಂಕ್ರೀಟು ಗ್ರಾವಿಟಿ ಡ್ಯಾಂ ಮೇಲ್ಭಾಗದಲ್ಲಿ ಬಿರುಕು ಬಿಟ್ಟಿತು, ಬೀಳಲಿಲ್ಲ. ಆಮೇಲೆ ಹಿಂದಿನಿಂದ ಆಸರೆ ಕಟ್ಟಿದರು.

ಇನ್ನೂ ಹಿರಿಯದೊಂದು ನಿಮ್ಮ ಹಿನ್ನೀರಿನೊಳಗೇ ಇದೆ, ಹಿರೇಭಾಸ್ಕರ ಅಣೆಕಟ್ಟೆ. ಜನ ಮಡೆನೂರು ಡ್ಯಾಂ ಅನ್ನುತ್ತಾರೆ. ಜೋಗದ ಮೊದಲ ಪವರ್ ಹೌಸಿಗೆ ನೀರು ಕೊಡಲು ಕಟ್ಟಿದ್ದು. ಆ ಪವರ್ ಹೌಸ್ 1948ರಲ್ಲಿ ಶುರುವಾಯಿತು. ಲಿಂಗನಮಕ್ಕಿ ಬಂದು ಆ ಹಳೆಯ ಅಣೆಕಟ್ಟೆಯನ್ನು ಮುಳುಗಿಸಿತು. ಮಳೆ ಕೈಕೊಟ್ಟ ವರ್ಷ ಅದು ಮೇಲೆ ಬಂದಾಗ ಗಣೇಶ್ ಅಯ್ಯರ್ ಮಾದರಿಯ ಸೈಫನ್‌ಗಳನ್ನು (ಮಟ್ಟ ಮೀರಿದ ನೀರನ್ನು ತಾವಾಗಿಯೇ ಹೊರಹಾಕುವ ಕೊಳವೆಗಳು) ನೋಡಲು ಜನ ಹೋಗುತ್ತಾರೆ. ಇಷ್ಟು ವರ್ಷ ನೀರಿನಲ್ಲಿದ್ದೂ ಹೇಗೆ ನಿಂತಿದೆ ಅಂತ ಆಶ್ಚರ್ಯಪಡುತ್ತಾರೆ. ಎರಡೂ ಕಡೆ ಒಂದೇ ಆಳದ ನೀರಿದ್ದರೆ ತಳ್ಳಾಟ ತಳ್ಳಾಟಕ್ಕೆ ವಜಾ. ಆ ಗೋಡೆ ಈಗ ನಿವೃತ್ತಿಯಲ್ಲಿದೆ.

ನಿಜವಾಗಿ ಹಳತಾಗುವುದು ಗೇಟು, ಸರಪಳಿ, ಮೋಟಾರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಗೋಡೆಗೆ ಏನೂ ಆಗಿರಲಿಲ್ಲ. ಹೋಗಿದ್ದು ನಮ್ಮ ಶಿವಮೊಗ್ಗ ಜಿಲ್ಲೆಯಿಂದಲೂ ಹರಿದು ಹೋದ ನೀರೇ. ಚಿಂತೆ ಮಾಡಲೇಬೇಕು ಅಂದರೆ ಗೋಡೆಯನ್ನು ಬಿಟ್ಟು ಗೇಟುಗಳ ಬಗ್ಗೆ ಮಾಡಿ.

ಕೊನೆಗೆ 55 ಮೆಗಾವ್ಯಾಟಿನ ಪ್ರಶ್ನೆ. ಲಿಂಗನಮಕ್ಕಿಯನ್ನು ಕಟ್ಟಿದ್ದು ನೀರು ಕೂಡಿಡಲು. ಅಲ್ಲಿಯ ಪವರ್ ಹೌಸಿಗೆ ಸಿಗುವ ಇಳಿತ, ಅಂದರೆ ನೀರು ಬೀಳುವ ಎತ್ತರ, ಕಡಿಮೆ; ಒಂದು ಯೂನಿಟ್ ಕರೆಂಟಿಗೆ ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕು. ಅದು ಹೋಗುವ ದಾರಿಯಲ್ಲಿ ಸಿಕ್ಕ ಚಿಲ್ಲರೆ. ಅಸಲಿ ಆಟ ಇರುವುದು ತಳಕಳಲೆಯಿಂದ ಮುಂದೆ. ಅಲ್ಲಿಂದ ಪೈಪುಗಳಲ್ಲಿ ಘಟ್ಟ ಇಳಿದ ನೀರು ಶರಾವತಿ ವಿದ್ಯುದಾಗಾರದ ಟರ್ಬೈನಿಗೆ ಸುಮಾರು 440 ಮೀಟರ್ ಇಳಿತದ ಒತ್ತಡದಲ್ಲಿ ಬಡಿಯುತ್ತದೆ. ಹತ್ತು ಯಂತ್ರ, ಒಟ್ಟು 1,035 ಮೆಗಾವ್ಯಾಟ್. ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಸಾವಿರ ಲೀಟರಿಗೆ ಒಂದು ಯೂನಿಟ್. ಅದೇ ನೀರನ್ನು ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಗ್ರಾವಿಟಿ ಡ್ಯಾಂ ಹಿಡಿದು 240 ಮೆಗಾವ್ಯಾಟಿನ ಪವರ್ ಹೌಸಿಗೆ ಕೊಡುತ್ತದೆ.

ಈ ಸಾವಿರ ಲೀಟರಿನ ಲೆಕ್ಕ ಗೊತ್ತಿದ್ದರೆ ಆಗಸ್ಟಿನ ಒಂದು ಜಗ್ಗಾಟವೂ ಅರ್ಥವಾಗುತ್ತದೆ. ಗೇಟು ಎತ್ತಿ 10,000 ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ ಸುಮಾರು 2.8 ಲಕ್ಷ ಲೀಟರ್. ಶರಾವತಿಯ ಟರ್ಬೈನುಗಳಿಗೆ ಸಿಗಬೇಕಿದ್ದ ಸುಮಾರು ಹತ್ತು ಲಕ್ಷ ಯೂನಿಟ್ ಒಂದೇ ಗಂಟೆಯಲ್ಲಿ ಜೋಗದ ಗುಂಡಿಗೆ ಬೀಳುತ್ತದೆ. ನೋಡಲು ಬಂದವರಿಗೆ ಹಬ್ಬ, ವಿದ್ಯುತ್ ನಿಗಮದವರಿಗೆ ಹೊಟ್ಟೆಯುರಿ. ಹಾಗಾಗಿ ಆದಷ್ಟು ಹಿಡಿದಿಟ್ಟುಕೊಳ್ಳುವ ಆಸೆ ಸಹಜ. ಆದರೆ ಪೂರ್ತಿ ತುಂಬಿಸಿಕೊಂಡು ಕೂತ ಮೇಲೆ ಹೊಸನಗರ ಕಡೆ ಒಂದೇ ರಾತ್ರಿ ಜಡಿಮಳೆ ಹೊಡೆದರೆ, ಬಂದದ್ದನ್ನೆಲ್ಲ ಬಂದ ಹಾಗೇ ಬಿಡಬೇಕಾಗುತ್ತದೆ. ಆಗ ಪೆಟ್ಟು ತಿನ್ನುವುದು ಗೇರುಸೊಪ್ಪೆಯಿಂದ ಹೊನ್ನಾವರದವರೆಗಿನ ಹೊಳೆದಂಡೆಯವರು. ಅದಕ್ಕೇ ಮಟ್ಟ 1,819 ತಲುಪಲು ಕೆಲವು ಅಡಿ ಬಾಕಿ ಇರುವಾಗಲೇ, ಒಳಹರಿವು ನೋಡಿಕೊಂಡು ಹನ್ನೊಂದು ಗೇಟುಗಳಲ್ಲಿ ಒಂದೆರಡನ್ನು ಸ್ವಲ್ಪವೇ ಎತ್ತಿ ಬಿಡುವುದು ಸರಿಯಾದ ಕ್ರಮ. ತುಂಬುವ ಮೊದಲೇ ನೀರು ವೇಸ್ಟ್ ಮಾಡಿದರು ಅಂತ ಬೈಯುವವರ ಜೊತೆ ನೀವು ಸೇರಬೇಡಿ. ಹೊನ್ನಾವರದ ಕಡೆ ನೆಂಟರಿದ್ದರೆ, ಹೊಳೆದಂಡೆಯ ಊರುಗಳಿಗೆ ಮೊದಲ ಎಚ್ಚರಿಕೆ ಹೋದ ಎಷ್ಟು ಹೊತ್ತಿಗೆ ನೀರು ಏರಿತು ಅಂತ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅಧಿಕಾರಿಗಳ ಮುಂದೆ ಕೂತಾಗ ಆ ಚೀಟಿ ಉಪಯೋಗಕ್ಕೆ ಬರುತ್ತದೆ.